ಬಂದರಿನೂರಿನ ಐದು ಮಂದಿ ಮುತ್ತೈದೆಯರು

ವಾಡಿ ಜಂಕ್ಷನ್ನಿನಲ್ಲಿ ಸ್ಟೇಷನ್ ಮಾಸ್ತರನಾಗಿದ್ದಷ್ಟು ಕಾಲ ವಿಚಿತ್ರಗಳೆಲ್ಲ ತಾವೇ ರೈಲು ಹತ್ತಿ ನನ್ನ ಹತ್ತಿರ ಬರುತ್ತಿದ್ದವು. ರಿಟೈರ್ ಆದ ಮೇಲೆ ನಾನೇ ವಿಮಾನ ಹತ್ತಿ ಅವುಗಳ ಹತ್ತಿರ ಹೋಗಬೇಕಾಯಿತು. ಅಳಿಯ ಜಮೈಕಾ ದ್ವೀಪದ ಫಾಲ್ಮತ್ ಎಂಬ ಸಣ್ಣ ಹಳೇ ಬಂದರಿನಲ್ಲಿದ್ದಾನೆ, ಗಣಿ ಎಂಜಿನಿಯರ್. ಸೇಡಂ ಸೀಮೆಯ ಹುಡುಗರು ಸುಣ್ಣದ ಕಲ್ಲು ಎಲ್ಲಿದ್ದರೂ ವಾಸನೆ ಹಿಡಿದು ಹೋಗುತ್ತಾರೆ. ಮಗಳು ಚೊಚ್ಚಲ ಬಸುರಿ. ಸೀಮಂತಕ್ಕೆ ನಮ್ಮ ಕಡೆ ಕುಬಸ ಅನ್ನುತ್ತೇವೆ. ಅದನ್ನು ಶಾಸ್ತ್ರದ ಪ್ರಕಾರ ಮಾಡಿಯೇ ಬರಬೇಕು ಎಂದು ನನ್ನ ಹೆಂಡತಿ ಹಸಿರು ಸೀರೆ, ಹಸಿರು ಬಳೆ ಕಟ್ಟಿಕೊಂಡು ಹೊರಟೇಬಿಟ್ಟಳು. ನಾನು ಸಾಮಾನಿನ ಸಂಗಡ ಹೋದೆ.

ಮಾಯವಾದ ಬಿಲ್ಡಿಂಗ್

ಕಾಗಿಣಾ ಹೊಳೆ ತುಂಬಿ ಹರಿದದ್ದೇ ನನಗೆ ಮಹಾಸಾಗರ. ಅಂಥವನ ಮುಂದೆ ಆ ಕಡಲು! ದಂಡೆಯಲ್ಲಿ ಎಳೇ ಹಸಿರು, ತುಸು ಆಚೆ ನವಿಲುಗರಿ, ಅದರಾಚೆ ಮಸಿ ಕುಡಿಕೆ ಚೆಲ್ಲಿದ ನೀಲಿ. ಊರೊಳಗೆ ನೂರಾರು ವರ್ಷದ ಕಲ್ಲು, ಇಟ್ಟಂಗಿಯ ಮನೆಗಳು, ಸಕ್ಕರೆ, ರಮ್ಮು ತುಂಬಿಡುತ್ತಿದ್ದ ಗೋದಾಮುಗಳು. ಇದೇ ಬಂದರಿನಲ್ಲಿ ಒಂದು ಕಾಲಕ್ಕೆ ಮನುಷ್ಯರನ್ನೂ ಹಡಗಿನಿಂದ ಇಳಿಸಿ ಮಾರುತ್ತಿದ್ದರು ಎಂದು ಅಳಿಯ ಹೇಳಿದ. ಆ ಜನರ ವಂಶದವರೇ ಇವತ್ತು ಊರ ತುಂಬ ಇದ್ದಾರೆ, ಎದುರಿಗೆ ಬಂದರೆ ನಕ್ಕು ಮಾತಾಡಿಸದೆ ದಾಟುವುದಿಲ್ಲ.

ಹೋದ ದಿನ ಸಂಜೆ ಓಣಿಯ ತುದಿಗೆ ಒಂದು ಬೆಳ್ಳನೆಯ ಬಿಲ್ಡಿಂಗ್ ಕಂಡಿತು. ಅಂತಸ್ತಿನ ಮೇಲೆ ಅಂತಸ್ತು, ಕತ್ತು ನೋಯುವಷ್ಟು ಎತ್ತರ.

“ಕಲಬುರಗಿಯಾಗೂ ಇಂಥದಿಲ್ಲ ಬಿಡ್ರಿ” ಅಂದಳು ಹೆಂಡತಿ.

ಮರುದಿನ ಬೆಳಿಗ್ಗೆ ನೋಡಿದರೆ ಬಿಲ್ಡಿಂಗ್ ಇಲ್ಲ! ಓಣಿಯ ತುದಿಗೆ ಬರೀ ನೀರು. ನಾನು ಕಣ್ಣು ಉಜ್ಜಿಕೊಂಡೆ. ಆಕೆ ಮಾತ್ರ ಗಾಬರಿಯಾಗಲಿಲ್ಲ.

“ಪರ್ಮಿಶನ್ ಇಲ್ದ ಕಟ್ಟಿರಬೇಕ್ರಿ. ನೋಡ್ರಿ, ಪುರಸಭೆ ಅಂದ್ರ ಹಿಂಗಿರಬೇಕು!”

ಅದು ಪ್ರವಾಸಿಗರ ಹಡಗು ಎಂದು ಅಳಿಯ ಎಷ್ಟು ಹೇಳಿದರೂ ಆಕೆ ಅವನನ್ನು ನಂಬಿಲ್ಲ.

ಗುಂಗು

ಸಂತೆಗೆ ಹೋದೆವು. ಒಬ್ಬ ದಪ್ಪ ಹೆಂಗಸು ಹಸಿ ಕಾಯಿ ರಾಶಿ ಹಾಕಿಕೊಂಡು ಕೂತಿದ್ದಳು. ನನ್ನ ಹೆಂಡತಿ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡವಳೇ ನನ್ನ ತೋಳು ಚಿವುಟಿದಳು. “ರೀ, ತೊಗರಿ! ನಮ್ಮ ಚಿತ್ತಾಪುರದ ಹೊಲದಾಗಿಂದೇ ಹರಕೊಂಡು ಬಂದಂಗ ಅದ!”

ಏಳು ಕಡಲಾಚೆ ತೊಗರಿ. ನನಗಂತೂ ಮೈ ಜುಮ್ಮೆಂದಿತು. ಇದಕ್ಕೇನು ಅಂತೀರಿ ಎಂದು ಇಂಗ್ಲಿಷಿನಲ್ಲಿ ಕೇಳಿದೆ. “ಗುಂಗೊ” ಅಂದಳು ಆ ತಾಯಿ.

ಹೆಂಡತಿ ತಲೆಯಾಡಿಸಿದಳು. “ಖರೇನೇ ಅದ. ಸುಗ್ಗಿ ಬಂತಂದ್ರ ನಮ್ಮ ಮಂದಿಗೂ ಅದರದೇ ಗುಂಗು!”

ಗಂಡ ಇದ್ದಾನೇನು?

ಉಡಿ ತುಂಬಿ ಆರತಿ ಎತ್ತಲು ಐದು ಮಂದಿ ಮುತ್ತೈದೆಯರು ಬೇಕು. ಬಸುರಿಯ ತಾಯಿಯಾದ ತಾನು ಲೆಕ್ಕಕ್ಕೆ ಬರುವುದಿಲ್ಲ ಎಂದು ಹೆಂಡತಿಯ ತೀರ್ಮಾನ. ಆ ಊರಲ್ಲಿ ಕನ್ನಡದ ಇನ್ನೊಂದು ಮನೆಯಿಲ್ಲ. ಮಗಳು, “ಅವ್ವಾ, ಬಿಡು, ಇಬ್ರಿದ್ರೂ ನಡೀತದ” ಅಂದದ್ದೇ ತಡ, ಈಕೆಯ ಕಣ್ಣಲ್ಲಿ ನೀರು. “ನನ್ನ ಮಗಳ ಉಡಿ ಅರ್ಧಮರ್ಧ ತುಂಬಲಾ?”

ಸರಿ, ಹುಡುಕಾಟ ಶುರು. ಈಕೆ ಕನ್ನಡದಲ್ಲಿ ಕೇಳುವುದು, ನಾನು ಇಂಗ್ಲಿಷ್ ಮಾಡುವುದು. ಹಗ್ಗದ ಮೇಲೆ ಬಟ್ಟೆ ಹಾಕುತ್ತಿದ್ದವರು, ಚರ್ಚಿಗೆ ಹೊರಟವರು, ಯಾರನ್ನೂ ಬಿಡಲಿಲ್ಲ: “ಅಮ್ಮಾ, ನಿಮ್ಮ ಗಂಡ ಜೀವಂತ ಇದ್ದಾರೇನು?” ಒಬ್ಬಾಕೆ ನಾನು ಪೊಲೀಸನೆಂದು ತಿಳಿದು ಗಂಡನನ್ನೇ ಕರೆದು ತೋರಿಸಿದಳು. ಅಂತೂ ನಾಲ್ವರು ಒಪ್ಪಿದರು.

ಐದನೆಯವಳಿಗಾಗಿ ತೊಗರಿಯವಳ ಹತ್ತಿರ ಹೋದೆವು. ಪ್ರಶ್ನೆ ಕೇಳಿದೆ. ಆಕೆ ಸೊಂಟದ ಮೇಲೆ ಕೈಯಿಟ್ಟು ನನ್ನನ್ನು ಮೇಲಿಂದ ಕೆಳಗೆ ನೋಡಿ, ಹೆಂಡತಿಯ ಕಡೆ ತಿರುಗಿ ಅಂದಳು: “ನನಗಂತೂ ಇಲ್ಲ. ಯಾಕಕ್ಕಾ, ಇವನನ್ನ ಬಿಟ್ಟುಕೊಡ್ತೀಯೇನು?”

ಗಂಡ ಇಲ್ಲವಂತೆ ಎಂದಷ್ಟೇ ಹೆಂಡತಿಗೆ ಹೇಳಿದೆ. ಎರಡನೇ ಮಾತನ್ನು ಮಾತ್ರ ನಾನು ಕನ್ನಡ ಮಾಡಲಿಲ್ಲ.

ಒಡಪು

ಕುಬಸದ ದಿನ ನಾಲ್ವರೂ ಬಂದರು, ಚರ್ಚಿಗೆ ಹಾಕುವ ಹೂವಿನ ಟೊಪ್ಪಿಗೆ ಸಮೇತ. ತೊಗರಿಯವಳೂ ಬುಟ್ಟಿ ತುಂಬ ಕಾಯಿ ತಂದಳು. ಹೆಂಡತಿ ಸಂಕಟಕ್ಕೆ ಬಿದ್ದಳು. ಇಷ್ಟು ಪ್ರೀತಿಯಿಂದ ಬಂದವಳನ್ನು ದೂರ ಕೂಡಿಸುವುದು ಹೇಗೆ? ಸೇರಿಸಿಕೊಂಡರೆ ಮಗಳಿಗೆ ಏನಾದರೂ ಆದೀತೇನೋ ಎಂಬ ಹೆದರಿಕೆ.

“ಒಳಗ ಬಾರವ್ವಾ” ಎಂದು ಕೈಹಿಡಿದು ಕರೆದಳೇನೋ ಖರೆ, ಮುಖ ಮಾತ್ರ ಸಣ್ಣದಾಗಿತ್ತು.

ಆರತಿಗೆ ಮೊದಲು ಒಡಪು ಹೇಳಬೇಕು. ಅಂದರೆ ಪ್ರಾಸ ಕಟ್ಟಿ ಗಂಡನ ಹೆಸರು ಹೇಳುವುದು. ಹೆಂಡತಿ ಸೆರಗು ಸರಿಮಾಡಿಕೊಂಡು ಮಾದರಿಗೆ ಒಂದು ಹೇಳಿ ತೋರಿಸಿದಳು:

“ಹಸಿರು ಸೀರಿ, ಹಸಿರು ಬಳಿ, ತೊಗರಿ ಕಾಯಿ ಹಚ್ಚಗ,
ಶರಣಪ್ಪನೋರ ಹೆಸರು ಹೇಳ್ತೀನಿ, ಕಡಲ ದಂಡಿ ಬೆಚ್ಚಗ!”

ಅರ್ಥ ಹೇಳಬೇಕೆಂದು ನಾನು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಮೊದಲನೆಯವಳು ಎದ್ದು ನಿಂತು, ನನ್ನ ಹೆಸರನ್ನೇ ಮಂತ್ರವೆಂದು ತಿಳಿದು, ಕಣ್ಣು ಮುಚ್ಚಿ ಭಕ್ತಿಯಿಂದ, “ಶಾರ್ನಾಪಾ!” ಅಂದಳು. ಎರಡನೆಯವಳು ಎದೆ ಮುಟ್ಟಿಕೊಂಡು, “ಶಾರ್ನಾಪಾ!” ಮೂರನೆಯವಳು ರಾಗ ಎಳೆದಳು. ನಾಲ್ಕನೆಯವಳು ಎಳೆಯುವಾಗ ಉಳಿದವರು ಚಪ್ಪಾಳೆ ತಟ್ಟಿ ದನಿಗೂಡಿಸಿದರು. ತೊಗರಿಯವಳು ಆಕಾಶಕ್ಕೆ ಕೈಯೆತ್ತಿ ಕೂಗಿದ್ದು ಬಂದರಿನ ತನಕ ಕೇಳಿರಬೇಕು. ಮಗಳು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. ಅಳಿಯ ಗೋಡೆಯ ಕಡೆ ಮುಖ ತಿರುಗಿಸಿದ್ದ. ನಾನು ಎಲ್ಲಿ ನೋಡಬೇಕೋ ತಿಳಿಯದೆ ಫ್ಯಾನು ನೋಡುತ್ತಾ ಕೂತೆ.

ಹೆಂಡತಿ ಸಿಟ್ಟಾಗುತ್ತಾಳೆ ಅಂದುಕೊಂಡಿದ್ದೆ. ಆಕೆಯ ಮುಖ ನೋಡನೋಡುತ್ತ ಹುಣ್ಣಿಮೆಯಾಯಿತು. ಆರತಿ ತಟ್ಟೆಯನ್ನು ಧೈರ್ಯವಾಗಿ ತೊಗರಿಯವಳ ಕೈಗೇ ಮೊದಲು ಕೊಟ್ಟಳು. ಆಮೇಲೆ ನನ್ನ ಕಿವಿಯ ಹತ್ತಿರ ಬಗ್ಗಿ ಅಂದಳು:

“ಐದೂ ಮಂದಿ ನಿಮ್ಮ ಹೆಸರು ಹೇಳ್ಯಾರ, ಐದೂ ಮಂದಿ ಮುತ್ತೈದೇರೇ ಆದ್ರು. ಇನ್ನ ಮ್ಯಾಲಾದ್ರೂ ಬಿ.ಪಿ. ಗುಳಿಗಿ ಹೊತ್ತಿಗಿ ಸರಿಯಾಗಿ ತಗೋರಿ. ಇಷ್ಟು ಮಂದಿ ಕುಂಕುಮ ನಿಮ್ಮ ಮ್ಯಾಲ ಅದ!”