ಮುನಿವೆಂಕಟಪ್ಪನ ಹಗ್ಗದ ಅಲೆ

ಹಗ್ಗ ಸಡಿಲವಾಗಿತ್ತು. ಅವತ್ತಿನ ರಗಳೆಗೆಲ್ಲ ಮೂಲ ಅಷ್ಟೇ.

ಸೂಲಿಬೆಲೆ ಪಕ್ಕದ ಮುನಿವೆಂಕಟಪ್ಪನ ದ್ರಾಕ್ಷಿ ತೋಟಕ್ಕೆ ಆ ಹಗ್ಗವೇ ಕಾವಲು. ಪಂಪ್‌ಮನೆಯ ನೆರಳಿಂದ ಚಪ್ಪರದ ಆ ತುದಿಯವರೆಗೆ ಎಳೆದು, ತುದಿಗೆ ಕಲ್ಲು ತುಂಬಿದ ಡಬ್ಬಗಳನ್ನು ನೇತುಹಾಕಿದ್ದ. ಇಲ್ಲಿ ಕೂತು ಜಾಡಿಸಿದರೆ ಅಲೆ ಓಡಿಹೋಗಿ ಅಲ್ಲಿ ಡಬ್ಬ ಬಡಿಯಬೇಕು, ಗೊರವಂಕ ಹಕ್ಕಿಗಳು ಏಳಬೇಕು. ಆದರೆ ಅವತ್ತು ಅಲೆ, ಹೊಟ್ಟೆ ಬಿರಿಯೆ ಉಂಡ ಬೀಗರ ಹಾಗೆ ತೂಗಾಡುತ್ತ ಹೋಗಿ ಮುಟ್ಟುವಷ್ಟರಲ್ಲಿ ಹಕ್ಕಿಗಳು ಹಣ್ಣು ತಿಂದು ಕೊಕ್ಕು ಒರೆಸಿಕೊಳ್ಳುತ್ತಿದ್ದವು. ಮಧ್ಯಾಹ್ನ ಹೊಸಕೋಟೆಯ ವ್ಯಾಪಾರಿ ದೇವರಾಜ್ ಬರುವವನಿದ್ದ. ಊರಲ್ಲಿ ಒಂದೇ ತೋಟದ ಫಸಲು ಹಿಡಿಯುವೆನೆಂದು ಹೇಳಿಕಳಿಸಿದ್ದ. ಅದು ತನ್ನದೇ ಆಗಬೇಕೆಂದು ಮುನಿವೆಂಕಟಪ್ಪನ ಹಟ.

ಪಕ್ಕದ ತೋಟದ ಜವರಪ್ಪ ಬೇಲಿಯಾಚೆಯಿಂದ ನೋಡಿದ. “ಲೇ ಮುನಿವೆಂಕಟ, ತೊಟ್ಲು ತೂಗ್ತಿದೀಯೇನ್ಲಾ? ಬೇಗ ಬೇಗ ಆಡ್ಸು, ಬೇಗ ಹೋಯ್ತದೆ.”

ಮುನಿವೆಂಕಟಪ್ಪ ಎದ್ದು ನಿಂತು ಎರಡೂ ಕೈಯಲ್ಲಿ ಆಡಿಸಿದ. ಹಗ್ಗದ ಉಬ್ಬುಗಳು ಸೀರೆಯ ನೆರಿಗೆಯಂತೆ ಚಿಕ್ಕವಾಗಿ ಒತ್ತೊತ್ತಾದವೇ ಹೊರತು ಒಂದು ಕ್ಷಣವೂ ಮೊದಲು ಮುಟ್ಟಲಿಲ್ಲ. ಇನ್ನೂ ಜೋರು ಮಾಡಿದ. ಕಾಲು ಜಾರಿ ನೀರಿನ ಕಾಲುವೆಯಲ್ಲಿ ಕೂತ.

ಮಜ್ಜಿಗೆ ತಂದ ಹೆಂಡತಿ ಅಮ್ಮಯಮ್ಮ, “ಮೈಮೇಲೆ ದೇವ್ರು ಬಂದೈತಾ?” ಎಂದಳು.

ಅವಳ ಹಿಂದೆ ಸೊಸೆ ಪ್ರಮೋದಾ. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ, ಅವತ್ತು ರಜೆ.

“ಮಾವ, ಕೈ ಒಂದ್ಸಲ ಮೇಲೆ ಹೋಗಿ ಕೆಳಗೆ ಬರೋ ಹೊತ್ತಲ್ಲಿ ಅಲೆ ತನ್ನುದ್ದದಷ್ಟು ಮುಂದಕ್ಕೆ ಹೋಗುತ್ತೆ. ನೀವು ಬೇಗ ಆಡ್ಸಿದ್ರೆ ಆ ಹೊತ್ತೂ ಕಮ್ಮಿ, ಅಲೆಯ ಉದ್ದಾನೂ ಕಮ್ಮಿ. ಸೆಕೆಂಡಿಗೆ ಎಷ್ಟು ಅಲೆ ಅನ್ನೋದನ್ನ ಒಂದಲೆ ಉದ್ದದಿಂದ ಗುಣಿಸಿದ್ರೆ ಬರೋದೇ ವೇಗ. ಒಂದು ಹೆಚ್ಚಾದ್ರೆ ಇನ್ನೊಂದು ಇಳಿಯುತ್ತೆ, ವೇಗ ಅಷ್ಟೇ ಇರುತ್ತೆ.”

“ಹಂಗಾದ್ರೆ ವೇಗ ಯಾರ ಕೈಲೈತಮ್ಮಾ?”

“ಹಗ್ಗದ ಕೈಲಿ. ಬಿಗಿಯಾಗಿ ಎಳೆದು ಕಟ್ಟಿ.”

ಪಂಪ್‌ಮನೆ ಬಾಗಿಲಿಗೆ ಕಟ್ಟಿ ಎಳೆದರು. ಬಾಗಿಲೇ ಕಿತ್ತುಬಂತು. ಕಲ್ಲುಕಂಬಕ್ಕೆ ಕಟ್ಟಿ ಮತ್ತೆ ಎಳೆದರು; ಹಗ್ಗ ತಂಬೂರಿಯ ತಂತಿಯಂತೆ ನಿಂತಿತು. ಮುನಿವೆಂಕಟಪ್ಪ ಒಮ್ಮೆ ಜಾಡಿಸಿದ. ಕೈ ಇಳಿಯುವ ಮೊದಲೇ ಆ ತುದಿಯಲ್ಲಿ ಡಬ್ಬ ಬಡಿಯಿತು. ಹಕ್ಕಿಗಳೆಲ್ಲ ಭರ್ರೆಂದು ಎದ್ದು ಜವರಪ್ಪನ ತೋಟಕ್ಕೆ ಇಳಿದವು. ಜವರಪ್ಪ ಹೆಗಲ ಟವೆಲ್ ಬೀಸುತ್ತ ಓಡಿದ.

“ನಮ್ಮ ಸೊಸೆ ಲೆಕ್ಕ, ನಮ್ಮ ಹಗ್ಗ” ಎಂದು ಮುನಿವೆಂಕಟಪ್ಪ ಒದ್ದೆ ಪಂಚೆಯಲ್ಲೇ ಮೀಸೆ ತಿರುವಿದ.

ದೇವರಾಜ್ ಬಂದ. ಹಗ್ಗ ನೋಡಿದ, ಹಕ್ಕಿಯಿಲ್ಲದ ಖಾಲಿ ಚಪ್ಪರ ನೋಡಿದ. “ಹಗ್ಗ ಭರ್ಜರಿಯಾಗೈತೆ ಗೌಡ್ರೇ” ಎಂದವನೇ ಬೇಲಿ ದಾಟಿ ಜವರಪ್ಪನ ಫಸಲಿಗೆ ಮಾತು ಮುಗಿಸಿಬಿಟ್ಟ.

“ಯಾಕಪ್ಪಾ?” ಮುನಿವೆಂಕಟಪ್ಪ ಬೇಲಿಯ ಹತ್ತಿರ ಓಡಿಬಂದ.

“ನಂಗೆ ಸಕ್ಕರೆ ಕಾಯ್ಲೆ ಗೌಡ್ರೇ, ಹಣ್ಣು ಬಾಯಿಗಿಡಂಗಿಲ್ಲ. ಹಕ್ಕಿ ಎಲ್ಲಿ ಮುತ್ಕೊಂಡಿರ್ತವೋ ಅದೇ ಸಿಹಿ ತೋಟ ಅಂತ ಹಿಡೀತೀನಿ. ನಿಮ್ಮಲ್ಲಿ ಒಂದೂ ಇಲ್ವಲ್ಲ.”

“ಅವು ನಮ್ಮ ತೋಟದ ಹಕ್ಕಿಗಳೇ ಕಣಪ್ಪಾ, ಈಗ್ತಾನೆ ಓಡ್ಸಿದ್ದು.”

“ಎಲ್ರೂ ಹಂಗೇ ಅಂತಾರೆ” ಎಂದು ಅವನು ಬೈಕ್ ಹತ್ತಿದ.

ಸಂಜೆ ಜವರಪ್ಪ ಹಲ್ಲುಕಿರಿಯುತ್ತ ಬಂದ. “ಕೊಯ್ಲು ಮುಗಿಯೋಗಂಟ ಆ ಹಗ್ಗ ಕೊಡು ಕಣ್ಲಾ. ನಾನೇ ಹೆಂಗೋ ಕಟ್ಕೊತೀನಿ.”

ಈಗ ಬೈಗುಳದ ಸಹಸ್ರನಾಮ ಶುರು ಎಂದು ಅಮ್ಮಯಮ್ಮ ಗಂಡನ ಮುಖ ನೋಡಿದಳು. ಮುನಿವೆಂಕಟಪ್ಪ ಪಂಚೆ ಎತ್ತಿಕಟ್ಟಿ ಎದ್ದ. “ಹೆಂಗೋ ಕಟ್ಟಿ ನನ್ನ ಹಗ್ಗದ ಮಾನ ಕಳೀಬ್ಯಾಡ. ನಡಿ, ನಾನೇ ಬರ್ತೀನಿ.”

ಬಿಗಿಯಾಗಿ ಕಟ್ಟಿಕೊಟ್ಟು, ಒಮ್ಮೆ ಜಾಡಿಸಿ ತೋರಿಸಿದ. ಹಕ್ಕಿಗಳು ಒಂದೂ ಉಳಿಯದೆ ಎದ್ದು, ಬೇಲಿ ದಾಟಿ, ಅವನದೇ ಚಪ್ಪರದ ಮೇಲೆ ಇಳಿದವು.

“ನೋಡ್ದೇನ್ಲಾ, ಎಂಥ ವೇಗ” ಎಂದು ಮುನಿವೆಂಕಟಪ್ಪ ಎದೆಯುಬ್ಬಿಸಿ ನಿಂತ.