ಬೀಗದೊಳಗೆ ಬೆಳೆದ ಕಿಲೋ

ಪೇಟೆಯಲ್ಲಿ ಒಂದು ಕಿಲೋ ಬದನೆಕಾಯಿ ತೂಗಿಸಿಕೊಂಡು ಮನೆಗೆ ಬರುವವರು ತಾವು ಎಂಥ ಭಕ್ತರು ಎಂದು ಎಂದೂ ಯೋಚಿಸಿರುವುದಿಲ್ಲ. ಅವರು ಅಂಗಡಿಯವನ ತೂಕದ ಕಲ್ಲನ್ನು ನಂಬಿರುತ್ತಾರೆ. ಆ ಕಲ್ಲು ಇನ್ನೊಂದು ಕಲ್ಲನ್ನು ನಂಬಿರುತ್ತದೆ, ಅದು ಮತ್ತೊಂದನ್ನು. ಹೀಗೆ ಮೇಲಕ್ಕೆ ಹೋಗುತ್ತ ಹೋಗುತ್ತ ಎಲ್ಲ ಕಲ್ಲುಗಳೂ ದಿಲ್ಲಿಯಲ್ಲಿರುವ ದೇಶದ ಅಳತೆಯ ಪ್ರಯೋಗಾಲಯಕ್ಕೆ ಹೋಗಿ ಮುಟ್ಟುತ್ತವೆ. ಈ ನಂಬಿಕೆಯ ಏಣಿಯಲ್ಲಿ ನಡುವಿನ ಒಂದು ಮೆಟ್ಟಿಲು ಬಾಗಲಕೋಟೆಯ ವಿದ್ಯಾಗಿರಿಯ ಒಂದು ಕಾಲೇಜಿನ ಕೆಳಅಂತಸ್ತಿನಲ್ಲಿದೆ. ಅದನ್ನು ಕಾಯುವವನು ನಾನು. ಆ ಮೆಟ್ಟಿಲು ಎಷ್ಟು ಗಟ್ಟಿ ಎಂಬುದನ್ನು ಈಗ ಒಪ್ಪಿಕೊಂಡುಬಿಡುತ್ತೇನೆ.

ನಮ್ಮದು ತೂಕ ಪರೀಕ್ಷೆಯ ಕೋಣೆ. ಎರಡು ಬಾಗಿಲು, ಕಿಟಕಿಯಿಲ್ಲ. ಬಸ್ಸು ಹೋದರೂ ಅಲುಗಬಾರದೆಂದು ತಕ್ಕಡಿಯನ್ನು ಇಳಕಲ್ಲಿನ ಕೆಂಪು ಕಲ್ಲಿನ ದಪ್ಪ ಹಾಸಿನ ಮೇಲೆ ಕೂರಿಸಿದ್ದೇವೆ. ಸಿಮೆಂಟಿನ ಕಾರ್ಖಾನೆಯವರು, ಔಷಧಿ ತಯಾರಿಸುವವರು ತಮ್ಮ ತೂಕಗಳನ್ನು ನಮ್ಮ ಒಂದು ಕಿಲೋ ಉಕ್ಕಿನ ಕಲ್ಲಿಗೆ ಹೋಲಿಸಿಕೊಂಡು ಹೋಗುತ್ತಾರೆ. ಮಖಮಲ್ಲಿನ ಡಬ್ಬಿಯಲ್ಲಿ ಮಲಗಿರುವ ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ. ಬೆರಳಿನ ಬೆವರು ಅಂಟಿದರೂ ಅದರ ತೂಕ ಹೆಚ್ಚುತ್ತದೆ. ಬಟ್ಟೆಯಿಂದ ಒರೆಸುವಂತೆಯೂ ಇಲ್ಲ, ಸವೆದು ಕಡಿಮೆಯಾಗುತ್ತದೆ. ನನ್ನ ಹೆಂಡತಿ ಇದನ್ನು ಕೇಳಿ, "ಮದುವ್ಯಾಗಿ ಇಪ್ಪತ್ತೆಂಟು ವರ್ಷಾತು, ನನ್ನನ್ನ ಒಂದಿನಾರ ಹಿಂಗ ನೋಡ್ಕೊಂಡೀರೇನ್ರಿ?" ಎಂದಿದ್ದಳು.

ಮನೆಯಲ್ಲಿ ನಾನು ದಿಲ್ಲಿಯ ಪ್ರಯೋಗಾಲಯದ ಗುಣಗಾನ ಮಾಡುವುದು ಸ್ವಲ್ಪ ಹೆಚ್ಚೇ. ದೇಶದ ಗಡಿಯಾರಗಳಿಗೆ ಸಮಯ ಹೇಳುವವರು ಅವರು, ಮತ ಹಾಕಿದ ಬೆರಳಿಗೆ ಬಳಿಯುವ ಶಾಯಿಯನ್ನು ಕಂಡುಹಿಡಿದವರೂ ಅಲ್ಲಿಯವರೇ ಎಂದರೆ ಅವಳು, "ಹೋಗಲಾರದ ಶಾಯಿ ಕಂಡ್ಹಿಡದ್ರಲ್ಲ, ನಿಮ್ಮ ಅಂಗಿ ಮ್ಯಾಲಿನ ಎಣ್ಣಿ ಕಲಿ ಹೋಗೋದೊಂದು ಕಂಡ್ಹಿಡೀರಿ ಅನ್ರಿ" ಎನ್ನುತ್ತಾಳೆ. ಅವಳಿಗೆ ಹೇಳದೇ ಉಳಿಸಿಕೊಂಡ ಸಂಗತಿ ಒಂದಿತ್ತು. ಜಗತ್ತಿಗೆಲ್ಲ ಒಂದು ಕಿಲೋ ಎಂದರೆ ಇಷ್ಟು ಎಂದು ತೋರಿಸಲು ಪ್ಯಾರಿಸ್ಸಿನ ಹತ್ತಿರ ಒಂದು ಲೋಹದ ತುಂಡನ್ನು ಬೀಗದ ಮೇಲೆ ಬೀಗ ಹಾಕಿ ಇಟ್ಟಿದ್ದರು. ಯಾರೂ ಮುಟ್ಟದಿದ್ದರೂ ಕಾಲಾಂತರದಲ್ಲಿ ಅದಕ್ಕೂ ಅದರ ಪ್ರತಿಗಳಿಗೂ ಕೂದಲೆಳೆಯಷ್ಟು ವ್ಯತ್ಯಾಸ ಬಂತು. ಏಕೆ ಎಂದು ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಇಂಥ ಕಾರಣಗಳಿಗಾಗಿಯೇ ಕೆಲವು ವರ್ಷಗಳ ಹಿಂದೆ ವಿಜ್ಞಾನಿಗಳು ಆ ತುಂಡನ್ನು ಬಿಟ್ಟು, ಕಿಲೋವನ್ನು ಪ್ರಕೃತಿಯ ಒಂದು ಬದಲಾಗದ ಸಂಖ್ಯೆಗೆ ಕಟ್ಟಿಹಾಕಿದರು. ಸಾಕಾರ ಹೋಗಿ ನಿರಾಕಾರ ಬಂತು. ಬೀಗದೊಳಗೆ ತಾನಾಗಿ ಬದಲಾದ ಆ ತುಂಡಿನ ಕಥೆ ಓದಿದಾಗ ನಾನು ನಕ್ಕಿದ್ದೆ.

ಹೋದ ಚಳಿಗಾಲದಲ್ಲಿ ನಗು ನಿಂತಿತು. ನಮ್ಮ ಕೋಣೆಯ ಸಹಾಯಕರು ಮಹಬೂಬಸಾಬರು. ನನಗಿಂತ ನಾಲ್ಕು ವರ್ಷ ಹಿರಿಯರು, ಹನ್ನೊಂದು ವರ್ಷದಿಂದ ಗುತ್ತಿಗೆಯ ಮೇಲೆ ಇದ್ದಾರೆ. ಪ್ರತಿ ವರ್ಷ ನಾನು ಸಹಿ ಮಾಡಿದರೆ ಅವರ ಕೆಲಸ ಮುಂದುವರಿಯುತ್ತದೆ. ಅವರು ಮಗಳ ಮದುವೆಗೆಂದು ಹದಿನೈದು ದಿನ ರಜೆಯ ಮೇಲೆ ಇಳಕಲ್ಲಿಗೆ ಹೋಗಿದ್ದರು. ಆಗ ಒಂದು ದಿನ ನಾನು ನಮ್ಮ ಕಿಲೋವನ್ನು ಹೋಲಿಸಿ ನೋಡಲೆಂದೇ ಪಕ್ಕದ ಡಬ್ಬಿಯಲ್ಲಿಟ್ಟಿರುವ ಅದರ ಜೋಡಿ ಕಲ್ಲಿನ ಜೊತೆ ತೂಗಿ ನೋಡಿದರೆ, ನಮ್ಮ ಕಿಲೋ ಒಂದು ಮಿಲಿಗ್ರಾಂ ಹೆಚ್ಚಿತ್ತು. ಅಂದರೆ ಒಂದು ರವೆ ಕಾಳಿನಷ್ಟು. ನಿಮಗೆ ನಗು ಬರಬಹುದು, ನನಗೆ ಎದೆ ಧಸಕ್ಕೆಂದಿತು. ಮುಂದಿನ ತಿಂಗಳು ಹೊರಗಿನಿಂದ ತಪಾಸಣೆಯ ತಂಡ ಬರುವುದಿತ್ತು. ಇನ್ನೊಂದಿಷ್ಟು ರವೆ ಕೂಡಿದರೆ ಕೋಣೆ ಮುಚ್ಚಿದಂತೆಯೇ.

ಮಹಬೂಬಸಾಬರು ಮದುವೆಯ ಲಾಡು ಹಿಡಿದು ಬಂದರು. ನಾನು ಲಾಡು ಬಾಯಿಗೆ ಹಾಕಿಕೊಂಡೇ, "ಕಲ್ಲ ಬರಿಗೈಲೆ ಮುಟ್ಟೀರೇನ್ರಿ?" ಎಂದು ಕೇಳಿದೆ.

"ಇಲ್ರಿ ಸರ," ಎಂದರು. ಹೇಳುವಾಗ ನನ್ನ ಕಣ್ಣು ನೋಡಲಿಲ್ಲ, ಹಣೆ ನೋಡಿದರು. ಏನೋ ಹೇಳಲು ಬಾಯಿ ತೆರೆದು ಮುಚ್ಚಿಕೊಂಡರು. ತಪ್ಪು ಮಾಡಿದವನ ಲಕ್ಷಣ ಇದೇ ಎಂದು ನಾನು ಅಲ್ಲೇ ತೀರ್ಮಾನಿಸಿ, ಅವರ ಬಳಿಯಿದ್ದ ಕೀಲಿಕೈಯನ್ನು ಇಸಿದುಕೊಂಡೆ. ಇನ್ನು ಮೇಲೆ ಆ ಕೋಣೆಗೆ ನಾನೊಬ್ಬನೇ.

ಅಲ್ಲಿಂದ ಶುರುವಾಯಿತು ನೋಡಿ. ಕೀಲಿಕೈ ನನ್ನ ಜೇಬಿನಲ್ಲಿ, ಬಾಗಿಲಿಗೆ ನಾನೇ ಅಂಟಿಸಿದ ಚೀಟಿ, ಚೀಟಿಯ ಮೇಲೆ ನನ್ನದೇ ಸಹಿ. ಆದರೂ ಕಲ್ಲು ಬೆಳೆಯುತ್ತಿತ್ತು. ಸೋಮವಾರ ಇದ್ದದ್ದಕ್ಕಿಂತ ಮಂಗಳವಾರ ಹೆಚ್ಚು, ಬುಧವಾರ ಇನ್ನೂ ಹೆಚ್ಚು. ಪಕ್ಕದ ಡಬ್ಬಿಯ ಜೋಡಿ ಕಲ್ಲು ಇದ್ದ ಹಾಗೇ ಇತ್ತು. ಭಾನುವಾರ ನಾನು ಹೋಗಲಿಲ್ಲ, ಅಂದು ಅದೂ ಬೆಳೆಯಲಿಲ್ಲ. ನಾನು ನೋಡಿದರೆ ಮಾತ್ರ ಬೆಳೆಯುತ್ತದೆ ಎಂದು ಹೊಳೆದಾಗ ಹಾಡುಹಗಲು ಹನ್ನೆರಡು ಗಂಟೆಗೆ ನನ್ನ ಕತ್ತಿನ ಹಿಂದೆ ಯಾರೋ ಉಸಿರು ಬಿಟ್ಟಂತಾಯಿತು.

ಆ ಕೋಣೆಯ ಮೌನ ನಿಮಗೆ ಗೊತ್ತಿಲ್ಲ. ಎರಡನೇ ಬಾಗಿಲು ಮುಚ್ಚಿದರೆ ನಮ್ಮ ಕಿವಿಯೊಳಗಿನ ರಕ್ತ ಓಡಾಡುವುದು ಕೇಳಿಸುತ್ತದೆ. ಸುಮ್ಮನೆ ನಿಂತರೂ ನಮ್ಮ ಮೈಯ ಬಿಸಿಗೆ ತಕ್ಕಡಿಯ ಅಂಕಿಗಳು ತಮ್ಮಷ್ಟಕ್ಕೆ ತಾವೇ ಮೇಲೆ ಕೆಳಗೆ ಆಡುತ್ತವೆ. ನನಗಿಂತ ಮೊದಲು ಈ ಕೋಣೆ ನೋಡಿಕೊಳ್ಳುತ್ತಿದ್ದ ಹಿರಿಯರು ಸೇವೆಯಲ್ಲಿರುವಾಗಲೇ, ಈ ಕೋಣೆಯ ಕುರ್ಚಿಯಲ್ಲೇ ತೀರಿಕೊಂಡಿದ್ದರು. ಅವರು ಕಲ್ಲನ್ನು ಎತ್ತುವ ಮುನ್ನ, "ಏಳಪಾ, ತಮ್ಮಾ" ಎನ್ನುತ್ತಿದ್ದರಂತೆ. ಒಂದು ಮಧ್ಯಾಹ್ನ ನಾನು ಡಬ್ಬಿ ತೆರೆದಾಗ ನನ್ನ ಬಾಯಿಂದ ತಾನಾಗಿ, "ಏಳಪಾ, ತಮ್ಮಾ" ಎಂದು ಬಂದಿತು. ಧ್ವನಿಯೂ ನನ್ನದೆನಿಸಲಿಲ್ಲ. ಭೌತಶಾಸ್ತ್ರದ ಎಂ.ಎಸ್ಸಿ. ಎಲ್ಲ ಬೆವರಿನಲ್ಲಿ ಹರಿದುಹೋಯಿತು.

ಮನೆಯಲ್ಲಿ ಊಟ ಸೇರಲಿಲ್ಲ. ಹೆಂಡತಿ ಗದರಿಸಿ ಕೇಳಿದ ಮೇಲೆ ಎಲ್ಲ ಹೇಳಿದೆ. ಅವಳು, "ಎದಿ ಗಟ್ಟಿ ಮಾಡ್ಕೋರಿ. ನಾಳಿಂದ ವಿಭೂತಿ ಬರೇ ಗೆರಿ ಎಳೀಬ್ಯಾಡ್ರಿ, ಹಣಿತುಂಬ ದಪ್ಪಗ ಹಚ್ಕೊಂಡ ಹೋಗ್ರಿ. ಯಾವ್ದೂ ಹತ್ರ ಬರಂಗಿಲ್ಲ" ಎಂದಳು. ಹಾಗೆಯೇ ಮಾಡಿದೆ. ಮರುದಿನ ಕಲ್ಲು ಒಂದೇ ಸಲಕ್ಕೆ ಎರಡು ಮಿಲಿಗ್ರಾಂ ಬೆಳೆದಿತ್ತು.

ಹೆದರಿದವನಿಗೆ ಯಾರ ಮೇಲಾದರೂ ಹಾಕಿಬಿಡುವ ಅವಸರ. ಸತ್ತವರ ಮೇಲೆ ದೂರು ಬರೆಯಲು ಬರುವುದಿಲ್ಲ, ಆದ್ದರಿಂದ ಬದುಕಿದ್ದವರ ಮೇಲೆ ಬರೆದೆ. "ಸಹಾಯಕರ ನಿರ್ಲಕ್ಷ್ಯದಿಂದ ಕಲ್ಲು ಕೆಟ್ಟಿರುವ ಸಂಭವವಿದೆ, ಅವರ ಗುತ್ತಿಗೆಯನ್ನು ಮುಂದುವರಿಸುವುದು ಸೂಕ್ತವಲ್ಲ" ಎಂದು ಪ್ರಾಚಾರ್ಯರಿಗೆ ಪತ್ರ ಕೊಟ್ಟುಬಿಟ್ಟೆ. ಕೊಟ್ಟು ಬರುವಾಗ ವರಾಂಡದಲ್ಲಿ ಕೂತಿದ್ದ ಮಹಬೂಬಸಾಬರು ಎದ್ದು ನಿಂತು, "ಚಾ ತರ್ಲೇನ್ರಿ ಸರ?" ಎಂದರು. ನಾನು ಕೇಳಿಸದವನಂತೆ ನಡೆದೆ.

ಮೂರನೆಯ ದಿನ ಮಧ್ಯಾಹ್ನ ನಾನು ಕೋಣೆಯಲ್ಲಿದ್ದಾಗ ಕರೆಂಟು ಹೋಯಿತು. ಗವ್ವೆನ್ನುವ ಕತ್ತಲೆ. ಮೊಬೈಲಿನ ಬೆಳಕು ಹಚ್ಚಿ ಕಲ್ಲಿನ ಪಕ್ಕದಲ್ಲಿಟ್ಟೆ. ಇದು ನನ್ನದೇ ಕಲ್ಲೋ, ಯಾರಾದರೂ ಬದಲಿಸಿದ್ದಾರೋ ಎಂಬ ಸಂಶಯದಿಂದ ಪ್ರತಿಸಲ ಅದರ ಮೇಲಿನ ನಂಬರು ಓದುವುದು ನನಗೆ ಮೊದಲಿನಿಂದಲೂ ರೂಢಿಯಾಗಿತ್ತು. ನನಗೆ ಹತ್ತಿರದ್ದು ಕನ್ನಡಕ ತೆಗೆದರೇ ಕಾಣುತ್ತದೆ. ಎಂದಿನಂತೆ ಕನ್ನಡಕವನ್ನು ಹಣೆಗೆ ಏರಿಸಿ, ಮೂಗು ತಾಗುವಷ್ಟು ಬಗ್ಗಿದೆ. ಆಗ ಬೆಳಕಿನಲ್ಲಿ, ಮೇಲಿನಿಂದ, ಬಿಳಿಯದೊಂದು ನಿಧಾನವಾಗಿ ಇಳಿದು ಬಂದು ಕಲ್ಲಿನ ಮೇಲೆ ಕೂತಿತು. ತಲೆಯೆತ್ತಿದೆ, ಮೇಲೆ ಏನೂ ಇಲ್ಲ. ಬಗ್ಗಿದೆ, ಮತ್ತೊಂದು ಇಳಿಯಿತು. ಬೆವರು ಒರೆಸಿಕೊಳ್ಳಲು ಕೈಗವುಸಿನ ಕೈಯನ್ನು ಹಣೆಗೆ ಒತ್ತಿ ತೆಗೆದರೆ, ಕಪ್ಪು ಗವುಸು ಬೆಳ್ಳಗಾಗಿತ್ತು.

ವಿಭೂತಿ! ಕನ್ನಡಕ ಏರಿಸಿದಾಗಲೆಲ್ಲ ಅದರ ಅಂಚು ನನ್ನ ಹಣೆಯನ್ನು ಕೆರೆದು ಕಲ್ಲಿನ ಮೇಲೆ ಉದುರಿಸುತ್ತಿತ್ತು. ಕಲ್ಲಿನ ತಲೆಯ ಕೆಳಗೆ ಹಿಡಿಯಲೆಂದು ಇರುವ ಸಂದಿನಲ್ಲಿ ಅದೆಲ್ಲ ಹೋಗಿ ತಣ್ಣಗೆ ಕೂತಿತ್ತು.

ಪತ್ರ ವಾಪಸು ಪಡೆಯಲು ಪ್ರಾಚಾರ್ಯರ ಕೋಣೆಗೆ ಓಡಿದೆ. ಅವರು, "ತಡಾ ಆತ್ರಿ. ನಿನ್ನೇನ ಅವರನ್ನ ಕರಸಿ ಕೇಳೇನಿ. ಒಪ್ಕೊಂಡಾರ" ಎಂದು ಒಂದು ಹಾಳೆ ತೋರಿಸಿದರು. "ಕಲ್ಲನ್ನು ನಾನು ಬರಿಗೈಯಿಂದ ಮುಟ್ಟಿರಬಹುದು. ತಪ್ಪು ನನ್ನದು" ಎಂದು ಬರೆದು ಮಹಬೂಬಸಾಬರು ಸಹಿ ಹಾಕಿದ್ದರು.

ನಾನು ವರಾಂಡಕ್ಕೆ ಬಂದು ಅವರ ಪಕ್ಕದಲ್ಲೇ ನೆಲದ ಮೇಲೆ ಕೂತೆ. "ಮಾಡಲಾರದ ತಪ್ಪಿಗೆ ಯಾಕ ಸಹಿ ಹಾಕಿದ್ರಿ?"

"ಮತ್ತೇನ್ ಬರೀಬೇಕಿತ್ರಿ ಸರ?" ಎಂದರು ಮೆಲ್ಲಗೆ. "ಸರ್ ಹಣಿ ಮ್ಯಾಲಿನ ವಿಭೂತಿ ಉದರ್ತೈತಿ ಅಂತ ಬರೀಲೇನ್ರಿ? ಮಹಬೂಬಸಾಬ ಆಗಿ, ನಾ, ಅದನ್ನ ಬರೀಲಿ?"

"ನನಗರ ಹೇಳಬೇಕಿತ್ತಲ್ರಿ."

"ಹೇಳಬೇಕಂತ ಬಾಯಿಮಟ ಬಂದಿತ್ರಿ. ನೀವು ಮನಸಿಗೆ ಹಚ್ಕೊಂಡ್ರ? ದಿನಾ ಮುಂಜಾನೆ ಮೆತ್ತನ ಬ್ರಶ್‌ಲೆ ಝಾಡಿಸಿ ಇಡ್ತಿದ್ದೆ. ಹನ್ನೊಂದು ವರ್ಷ ನಡದ್ ಹೋತು. ನೀವು ಕೀಲಿಕೈ ಇಸ್ಕೊಂಡ್ರಿ."

ನಾಚಿಕೆಯಿಂದ ನನಗೆ ಅಳು ಬಂತು, ಅತ್ತೆ. ಅವರು ಗಾಬರಿಯಾಗಿ, ಯಾರಾದರೂ ನೋಡಿಯಾರೆಂದು ನನಗೆ ಮರೆಯಾಗಿ ನಿಂತರು. ಆ ಸಂಜೆಯೇ ಇದ್ದದ್ದು ಇದ್ದ ಹಾಗೆ ಬರೆದು, ಕೆಳಗೆ ನನ್ನ ಹೆಸರು ಹಾಕಿ ಪ್ರಾಚಾರ್ಯರಿಗೆ ಕೊಟ್ಟೆ. ಅವರು ಎರಡು ಸಲ ಓದಿ, ನಗು ತಡೆದುಕೊಳ್ಳಲು ನೀರು ಕುಡಿದು, ಮಹಬೂಬಸಾಬರ ಗುತ್ತಿಗೆಯನ್ನು ಮುಂದುವರಿಸಿದರು. ತಪಾಸಣೆಯವರು ಬಂದು ನೋಡಿದಾಗ ಝಾಡಿಸಿದ ಕಲ್ಲು ಇರಬೇಕಾದಷ್ಟೇ ಇತ್ತು.

ಪ್ರಾಚಾರ್ಯರು ಇನ್ನೊಂದು ಆದೇಶವನ್ನೂ ಹೊರಡಿಸಿದ್ದಾರೆ. ಈಗ ಒಳಗೆ ತೂಗುವವರು ಮಹಬೂಬಸಾಬರು. ನಾನು ಎರಡನೇ ಬಾಗಿಲಿನ ಹೊರಗೆ ಸ್ಟೂಲಿನ ಮೇಲೆ ಕೂತು ಅವರು ಕೂಗಿದ ಅಂಕಿಯನ್ನು ಬರೆದುಕೊಳ್ಳುತ್ತೇನೆ. ಒಳಗೆ ಹೋಗಿ ಒಮ್ಮೆ ಖಾತ್ರಿ ಮಾಡಿಕೊಳ್ಳೋಣ ಎಂದು ದಿನಕ್ಕೆ ಹತ್ತು ಸಲವಾದರೂ ಅನಿಸುತ್ತದೆ. "ಸರಿ ಐತ್ರಿ ಸರ" ಎಂದು ಒಳಗಿನಿಂದ ದನಿ ಬರುತ್ತದೆ. ನೋಡದೆಯೇ ಸಹಿ ಹಾಕುತ್ತೇನೆ.