ನೂರು ಸಹಿಯ ಕಾಲ್ನಡಿಗೆ

ಎಲ್ಲಕ್ಕೂ ಕಾರಣ ಪತ್ರಿಕೆಯ ಮೂರನೇ ಪುಟದ ಒಂದು ಚಿತ್ರ. ಅದರಲ್ಲಿದ್ದದ್ದು ಕಾರಿನ ಕಿಟಕಿಯಿಂದ ಹೊರಬಂದ ಒಂದು ಕೈ ಮಾತ್ರ. ಕೆಳಗೆ, ‘ಜನರೊಂದಿಗೆ ಹನ್ನೊಂದನೇ ವಾರ್ಡಿನ ಸದಸ್ಯರು’ ಎಂದಿತ್ತು.

ಪಕ್ಷದ ಅಧ್ಯಕ್ಷರು ಬೆಳಿಗ್ಗೆ ಏಳಕ್ಕೇ ಫೋನ್ ಮಾಡಿದರು. “ಐದು ವರ್ಷದಲ್ಲಿ ಜನ ನೋಡಿದ್ದು ನಿಮ್ಮ ಕೈಯೊಂದೇ ಅಂತಾಯ್ತಲ್ರೀ. ಇವತ್ತು ವಾರ್ಡಿನಲ್ಲಿ ಕಾಲ್ನಡಿಗೇಲಿ ಓಡಾಡಿ. ಸಂಜೆ ಆರಕ್ಕೆ ನೂರು ಮನೆಯವರ ಸಹಿ, ಮನೆ ನಂಬರ್ ಸಮೇತ ನನ್ನ ಮೇಜಿನ ಮೇಲಿರಬೇಕು. ಇಲ್ಲಾಂದ್ರೆ ಈ ಸಲ ಟಿಕೆಟ್ ಬೇರೆಯವರಿಗೆ.”

ಸದಸ್ಯರು ಚಾಲಕನಿಗೆ ರಜೆ ಕೊಟ್ಟು, ಹೊಸ ಶೂ ಹಾಕಿಕೊಂಡರು. ಹೆಂಡತಿ ಬಾಗಿಲಲ್ಲಿ ನಿಂತು ಕೇಳಿದಳು, “ದಾರಿ ಗೊತ್ತೇನ್ರೀ?”

“ನನ್ನ ವಾರ್ಡು ಕಣೇ.”

“ಅದಕ್ಕೇ ಕೇಳಿದ್ದು.”

ಮೊದಲ ಬೀದಿಯ ಮನೆಗಳಿಗೆಲ್ಲ ಬೀಗ; ಜನ ಕೆಲಸಕ್ಕೆ ಹೋಗಿದ್ದರು. ಬೀದಿ ಮುಗಿದಲ್ಲಿ ದೊಡ್ಡ ರಸ್ತೆ. ಅದರ ಆಚೆ ಮನೆ ಮುಂದೆ ಕೂತಿದ್ದ ಅಜ್ಜಿಯೊಬ್ಬಳು ಕೂಗಿದಳು, “ಏನಪ್ಪಾ, ಯಾರನ್ನ ಹುಡುಕ್ತಿದೀಯ?”

ಸದಸ್ಯರು ಖುಷಿಯಿಂದ ರಸ್ತೆ ದಾಟಿದರು. “ನಾನು ನಿಮ್ಮ ವಾರ್ಡಿನ ಸದಸ್ಯ, ಅಜ್ಜಿ.”

“ಹೌದಾ? ಹಾಗಾದ್ರೆ ಇದ್ದೀಯ ನೀನು. ಬಾ, ಈ ಚರಂಡಿ ನೋಡು.”

ಮೂಗು ಮುಚ್ಚಿಕೊಂಡೇ ಅವರು ಎಂಜಿನಿಯರಿಗೆ ಫೋನ್ ಮಾಡಿದರು. “ಸಾರ್, ಆ ಬೀದಿ ಅಂದ್ರೆ...” ಎಂದು ಎಂಜಿನಿಯರು ಏನೋ ಹೇಳಹೊರಟಾಗ, “ಹೇಳಿದಷ್ಟು ಮಾಡ್ರೀ” ಎಂದು ಗದರಿದರು. ಗಂಟೆಯೊಳಗೆ ಕೆಲಸದವರು ಬಂದು ಹೂಳು ಎತ್ತಿದರು. ಅಜ್ಜಿ ಸಹಿ ಹಾಕಿದ್ದಲ್ಲದೆ, ಬೀದಿಗೆಲ್ಲ ಸುದ್ದಿ ಮುಟ್ಟಿಸಿದಳು.

ಮುಂದಿನದು ಕ್ಷೌರದಂಗಡಿ. “ಕೂತ್ಕೊಳ್ಳಿ ಸಾರ್, ಸಹಿ ಆಮೇಲೆ” ಎಂದು ಕ್ಷೌರಿಕ ಅವರನ್ನು ಕುರ್ಚಿಗೆ ತಳ್ಳಿ, ತಲೆಗೆ ಮೆಷಿನ್ನು ಹಚ್ಚಿದ. ಅರ್ಧಕ್ಕೆ ಮೆಷಿನ್ನು ನಿಂತಿತು.

“ಕರೆಂಟ್ ಹೋಯ್ತು. ದಿನಾ ಇದೇ ಗೋಳು. ಇದನ್ನೂ ಬರ್ಕೊಳ್ಳಿ.”

ಹೊರಬಂದಾಗ ಸದಸ್ಯರ ತಲೆಯ ಬಲಭಾಗ ಕಟಾವಾದ ಹೊಲದಂತಿತ್ತು. ಎಡಭಾಗದಲ್ಲಿ ಬೆಳೆ ಹಾಗೇ ನಿಂತಿತ್ತು.

ಮೂರು ಮಹಡಿಯ ಕಟ್ಟಡದ ಕೆಳಗೆ ನಿವೃತ್ತ ಟೀಚರೊಬ್ಬರು ಗ್ಯಾಸ್ ಸಿಲಿಂಡರಿಗೆ ಕಾವಲು ನಿಂತಿದ್ದರು. “ಜನಸೇವೆ ಅಂದ್ರಲ್ಲ, ಇದನ್ನ ಸ್ವಲ್ಪ ಮೇಲಕ್ಕೆ ತನ್ನಿ” ಎಂದರು. ಸದಸ್ಯರು ಹೊತ್ತರು. ಅದನ್ನು ಕಂಡ ಎದುರುಮನೆಯ ದರ್ಜಿ ತನ್ನ ಬೀರುವನ್ನೂ ಅವರ ಕೈಯಲ್ಲೇ ಜರುಗಿಸಿಕೊಂಡ. ಅಷ್ಟರಲ್ಲಿ ಇಪ್ಪತ್ತೆರಡು ಸಹಿಯಾಗಿತ್ತು.

ಸಂಜೆ ಐದೂವರೆಗೆ ನೂರನೇ ಸಹಿ ಬಿತ್ತು. ಶೂ ಕೈಯಲ್ಲಿತ್ತು, ಹಿಮ್ಮಡಿಯಲ್ಲಿ ಗುಳ್ಳೆಯೆದ್ದಿತ್ತು. ಆದರೂ ಅವರು ಮದುವೆ ಗಂಡಿನ ಗತ್ತಿನಲ್ಲಿ ಪಕ್ಷದ ಕಚೇರಿಗೆ ನಡೆದರು.

ಅಲ್ಲಿ ಅಧ್ಯಕ್ಷರ ಎದುರು ಹನ್ನೆರಡನೇ ವಾರ್ಡಿನ ಸದಸ್ಯ ಕೂತು ಚಹಾ ಕುಡಿಯುತ್ತಿದ್ದ. ಅಧ್ಯಕ್ಷರು ಹಾಳೆಗಳನ್ನು ಮತದಾರರ ಪಟ್ಟಿಯ ಪಕ್ಕ ಇಟ್ಟು ಒಂದೊಂದೇ ತಾಳೆ ನೋಡಿದರು.

“ನೂರೂ ಇದೆ. ಆದ್ರೆ ನೂರೂ ಇವರ ಹನ್ನೆರಡನೇ ವಾರ್ಡಿನವು. ದೊಡ್ಡ ರಸ್ತೆ ದಾಟಿದ್ರಾ?”

“ದಾಟಿದೆ.”

“ನಿಮ್ಮ ವಾರ್ಡು ರಸ್ತೆಯಿಂದ ಈಚೆಗೇ ಮುಗಿಯುತ್ತೆ ಮಾರಾಯ್ರೇ.”

ಸದಸ್ಯರು ತಡವರಿಸಿದರು. “ಮತ್ತೆ, ನೀವು ನಮ್ಮವರಲ್ಲ ಅಂತ ಅಲ್ಲಿ ಒಬ್ಬರೂ ಹೇಳ್ಲಿಲ್ವಲ್ಲ?”

“ಅಲ್ಲಿಯ ಜನ ಇವರ ಮುಖಾನೂ ನೋಡಿಲ್ಲ.”

ಹನ್ನೆರಡನೆಯವ ಕಪ್ಪಿನೊಳಗೇ ಕೆಮ್ಮಿದ.

ಸದಸ್ಯರು ಧೈರ್ಯ ತಂದುಕೊಂಡರು. “ಹಾಗಿದ್ರೆ ನಂಗೆ ಆ ವಾರ್ಡಿನ ಟಿಕೆಟ್ಟೇ ಕೊಟ್ಬಿಡಿ.”

“ಅದು ಮಧ್ಯಾಹ್ನಾನೇ ಇವರಿಗೆ ಗಟ್ಟಿಯಾಯ್ತು. ನಲವತ್ತಮೂರು ಫೋನ್ ಬಂದಿದೆ. ನಮ್ಮ ಸದಸ್ಯರು ಚರಂಡಿ ತೆಗೆಸಿದ್ರು, ಸಿಲಿಂಡರ್ ಹೊತ್ರು ಅಂತ ಹೊಗಳಿದ್ದೇ ಹೊಗಳಿದ್ದು. ನಿಮ್ಮ ವಾರ್ಡಿಗೆ ಬೇರೆಯವರನ್ನ ನೋಡ್ತೀನಿ.”

ಹನ್ನೆರಡನೆಯವ ಎದ್ದುಬಂದು ಸದಸ್ಯರ ಎರಡೂ ಕೈ ಹಿಡಿದುಕೊಂಡ.

“ಈ ಉಪಕಾರ ಮರೆಯಲ್ಲ ಅಣ್ಣಾ. ಇನ್ನು ಮೂರೇ ಬೀದಿ ಬಾಕಿ ಇದೆ, ಜನ ಕಾಯ್ತಿದಾರೆ. ನಾಳೆ ಎಷ್ಟು ಗಂಟೆಗೆ ಹೊರಡ್ತೀರಿ?”